ಒಂದೇ ಸಲ ಕೇಳಿದ ಹುಡುಗಿ

ಕೂಕಟ್‌ಪಲ್ಲಿ, ಹೈದರಾಬಾದ್
ಬುಧವಾರ, ೧೨ ಜೂನ್ ೨೦೨೪

ಪ್ರೀತಿಯ ಅವ್ವಾ,

ನಿನ್ನ ಸಕ್ಕರೆ ಹತೋಟಿಯಲ್ಲಿದೆಯೇ? ಅಜ್ಜಿಯ ಮುರಿದ ಸೊಂಟ ಹೇಗಿದೆ, ನಿನಗೆ ಒಂದಿಷ್ಟು ಕೂರಲು ಬಿಡುತ್ತಾಳೋ ಇಲ್ಲವೋ? ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಎರಡು ಕೋಣೆಯ ಮನೆ. ಹೊರಗೆ ಹೋದರೂ ಅಪ್ಪ ಚಪ್ಪಲಿ ಮೆಟ್ಟಿ ಹಿಂದೆಯೇ ಬರುತ್ತಾರೆ. ಪಕ್ಕದ ಮನೆಯ ಪದ್ಮನಾಭ ಅವರು ಸಂಜೆ ರಾಯಚೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಬೆಳಿಗ್ಗೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅಪ್ಪನ ಗಂಟಲಲ್ಲಿರುವುದು ಕ್ಯಾನ್ಸರ್. ಶುಕ್ರವಾರ ಆಪರೇಷನ್ ಮಾಡಿದರೆ ಮಾತು ಹೋಗಬಹುದು, ಆದರೆ ಜೀವ ಉಳಿಯುವ ಭರವಸೆಯಿದೆ; ಬಿಟ್ಟರೆ ಆರು ತಿಂಗಳು. ಮಾಡೋಣವೇ ಎಂದು ಕೇಳಿದ್ದಕ್ಕೆ ಅಪ್ಪ ಕೈ ಮುಗಿದು ಇಲ್ಲಿಯವರ ಮಾತಿನಲ್ಲೇ "ನಕ್ಕೋ ಸಾಬ್", ಬೇಡ ಎಂದುಬಿಟ್ಟರು. ನಾಳೆ ನಾಲ್ಕು ಗಂಟೆಯೊಳಗೆ ಮನಸ್ಸು ಬದಲಾದರೆ ಬಂದು ಸಹಿ ಹಾಕಿ ಎಂದು ಡಾಕ್ಟರು ಫೈಲು ಮುಚ್ಚಿದರು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

ಅದೇ ಸಿಟ್ಟಿನಲ್ಲಿ ಎದುರಿನ ಬರ್ಗರ್ ಅಂಗಡಿಗೆ ಊಟಕ್ಕೆ ಕರೆದೊಯ್ದೆ. ಕೌಂಟರಿನ ಹುಡುಗಿ ಒಂದೊಂದಾಗಿ ಕೇಳಿದಳು, ಚೀಸ್ ಹಾಕಲೇ, ಚಿಪ್ಸ್ ಬೇಕೇ, ಕೂಲ್‌ಡ್ರಿಂಕ್, ಐಸ್‌ಕ್ರೀಮ್? ಅಪ್ಪ ಬೀಗರ ಮನೆಯಲ್ಲಿ ತಾಟಿಗೆ ಕೈ ಅಡ್ಡ ಹಿಡಿಯುವಂತೆ ಎಲ್ಲದಕ್ಕೂ "ನಕ್ಕೋ ಬೇಟಿ" ಎಂದರು. ಎಂದು, ಆಕೆ ಒತ್ತಾಯಿಸಲೆಂದು ನಗುತ್ತ ನಿಂತರು. ಆಕೆ ಬಿಲ್ಲು ಹರಿದು ಕೊಟ್ಟು ಮುಂದಿನವರನ್ನು ಕರೆದಳು. ಬಂದದ್ದು ಒಂದು ಒಣ ಬನ್ನು, ನಡುವೆ ಬಟಾಟೆ ಬಿಲ್ಲೆ. "ಇವರ ಮನಿಯಾಗ ಒಂದ ಸಲಾನ ಕೇಳತಾರೇನವಾ?" ಎಂದರು. ಆಗಲೂ ನನಗೆ ನಗು ಬಂತು, ಅವ್ವಾ, ಏನು ಮಾಡಲಿ. ಬನ್ನು ಗಂಟಲಲ್ಲಿ ಇಳಿಯಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಪಕ್ಕದ ಮೇಜಿನವರು ಎದ್ದು ದೂರ ಹೋಗಿ ಕುಳಿತರು. ನಾನೇ ಹೋಗಿ ಐಸ್‌ಕ್ರೀಮ್ ತಂದಿಟ್ಟೆ. ಎರಡು ಸಲ ಆಚೆ ತಳ್ಳಿ, ಮೂರನೆಯ ಸಲಕ್ಕೆ ಎಳೆದುಕೊಂಡು ತಳ ಕೆರೆದು ತಿಂದರು. ಈ ವಾರ ಅವರ ಹೊಟ್ಟೆಗೆ ಸುಖವಾಗಿ ಇಳಿದದ್ದು ಅದೊಂದೇ.

ಬೇಡವೆಂದವರನ್ನು ಇನ್ನು ಪೀಡಿಸುವುದಿಲ್ಲ. ಅವರ ಜೀವ, ಅವರ ಇಷ್ಟ. ಶನಿವಾರ ಊರಿಗೆ ಕರೆತರುತ್ತೇನೆ. ನೀನು ಧೈರ್ಯವಾಗಿರು, ಅಜ್ಜಿಯ ಕಾಲಿಗೆ ನನ್ನ ಶರಣು ಹೇಳು.

ನಿನ್ನ ಮಗಳು,
ಸ್ನೇಹಲತಾ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಾಗಿಲಿಗೆ ಬಂದು ನಿಂತರು. "ಆ ಡಾಕ್ಟರ್ ಇನ್ನೊಮ್ಮಿ ಕೇಳೂದಿಲ್ಲೇನವಾ?" ಎಂದರು. ಹಾಗಾದರೆ ಮಾಡಿಸೋಣವೇ ಎಂದೆ. ಬೇಡವೆಂದು ತಲೆಯಾಡಿಸಿದರು, ಆದರೆ ಬಾಗಿಲು ಬಿಟ್ಟು ಹೋಗಲಿಲ್ಲ. ಮೇಲೆ ಬರೆದದ್ದನ್ನು ಮರೆತುಬಿಡು. ಅಜ್ಜಿಯನ್ನು ವಿಶಾಲಾಕ್ಷಿ ಅತ್ತೆಗೆ ಒಪ್ಪಿಸಿ ಬೆಳಗಿನ ಮೊದಲ ಬಸ್ಸು ಹಿಡಿ. ಇನ್ನೊಮ್ಮೆ ಕೇಳಲು ನನಗೆ ಬಾಯಿ ಬರುತ್ತಿಲ್ಲ. ನೀನು ಬಂದು ಕೇಳು.