ಮಿಯೆನ್ ಶಾಲೆಗೆ ನಡೆದು ಹೋಗುತ್ತಾಳೆ

ಹನೋಯಿ,
ಮಾರ್ಚ್ ೧೬, ಭಾನುವಾರ

ಮಿಯೆನ್‌ಳ ಅಪ್ಪನಿಗೆ,

ನಿಮ್ಮ ಪತ್ರ ಬಂತು. ಫೋನಿನಲ್ಲಿ ಬೈದರೆ ನಾನು ನಡುವೆಯೇ ಇಟ್ಟುಬಿಡುತ್ತೇನೆಂದು ಕಾಗದದಲ್ಲಿ ಬೈದಿದ್ದೀರಿ. ಜಾಣರು. ಕಾಗದವನ್ನು ಕೊನೆಯವರೆಗೂ ಓದಲೇಬೇಕಾಯಿತು.

"ಮಗು ಉಸಿರಾಡ್ಕೊಂಡಿರ್ಲಿ ಅಂತ ಕಾರು ಬಿಟ್ಟು ಬಂದೆ. ಅದು ಗಲ್ಲಿ ಬಾಯಲ್ಲಿ ಧೂಳು ತಿಂತಾ ನಿಂತಿದೆಯಂತೆ, ಮಗು ಹೊಗೇಲಿ ನಡ್ಕೊಂಡು ಹೋಗ್ತಿದೆಯಂತೆ. ನಿನಗೆ ಮಗಳಿಗಿಂತ ಹಠ ದೊಡ್ಡದಾಯ್ತಾ?" ಎಂದು ಕೇಳಿದ್ದೀರಿ. ಸುದ್ದಿ ಮುಟ್ಟಿಸಿದವರು ಅತ್ತೆಯೇ ಇರಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕಂಡದ್ದು ನಿಜವೇ. ಆದರೆ ಅವರು ಕಾಣದ ಒಂದು ಬೆಳಗು ಇದೆ. ನಿಮ್ಮಿಂದಲೂ ಅದನ್ನು ಮುಚ್ಚಿಟ್ಟಿದ್ದೆ. ಇವತ್ತು ಹೇಳುತ್ತೇನೆ.

ನೀವು ಹೈಫಾಂಗ್ ಬಂದರಿಗೆ ಹೋದ ಮೇಲೆ (ಕೆಲಸಕ್ಕಷ್ಟೇ ಹೋಗಲಿಲ್ಲ, ನನ್ನಿಂದ ದೂರವಿರಲೂ ಹೋದಿರಿ, ಅದು ಇಬ್ಬರಿಗೂ ಗೊತ್ತು) ನಾನು ನೀವು ಹೇಳಿದಂತೆಯೇ ಮಾಡಿದೆ. ಹೊಲಿಗೆ ಮಷೀನು ಬಿಟ್ಟೆದ್ದು ದಿನವೂ ಮಗಳನ್ನು ಕಾರಿನಲ್ಲೇ ಕರೆದೊಯ್ದೆ. ಗಾಜು ಏರಿಸಿ, ಏಸಿ ಹಾಕಿ, ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು. ಶಾಲೆ ಎಷ್ಟು ದೂರವೆಂದು ನಿಮಗೇ ಗೊತ್ತು, ನಡೆದರೆ ಒಂದು ಕಥೆ ಹೇಳಿ ಮುಗಿಸುವಷ್ಟು. ಕಾರಿನಲ್ಲಿ ಅದಕ್ಕಿಂತ ತಡವಾಗುತ್ತಿತ್ತು. ಮೊದಲು ನಮ್ಮ ಗಲ್ಲಿಯಲ್ಲಿ ಕಾರಿದ್ದದ್ದು ನಮಗೊಬ್ಬರಿಗೇ. ಈಗ ಬೈಕು ಮಾರಿ ಕಾರು ತಂದವರು ಮನೆಗೊಬ್ಬರು. ಕೇಳಿದರೆ ಎಲ್ಲರೂ ನಿಮ್ಮ ಮಾತನ್ನೇ ಆಡುತ್ತಾರೆ: ಹೊರಗೆ ಹೊಗೆ ಜಾಸ್ತಿ, ಮಗು ಒಳಗಿರಲಿ ಅಂತ. ಆ ಹೊಗೆ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ವಾರ ಗಾಳಿಯೇ ಇರಲಿಲ್ಲ. ಆಕಾಶ ಪಾತ್ರೆಗೆ ಮುಚ್ಚಳ ಹಾಕಿದಂತಿತ್ತು. ಆ ವಾರದ ಒಂದು ಬೆಳಿಗ್ಗೆ ಶಾಲೆಯ ತಿರುವಿನಲ್ಲಿ ಸಿಕ್ಕಿಕೊಂಡೆವು. ಮುಂದೆ ಕಾರು, ಹಿಂದೆ ಕಾರು, ನಡುವಿನ ಸಂದಿಗಳಲ್ಲೆಲ್ಲ ಬೈಕು. ಮಿಯೆನ್ ಹಿಂದಿನಿಂದ, "ಅಮ್ಮಾ, ಎದೆ ಬಿಗೀತಿದೆ" ಅಂದಳು. ದಮ್ಮಿನ ಪಂಪು ಕೊಟ್ಟೆ. ಮತ್ತೆ ಕೊಟ್ಟೆ. ಅವಳ ತುಟಿ ನೀಲಿಯಾಗತೊಡಗಿತು. ನಾನು ಹಾರ್ನಿನ ಮೇಲೆ ಕೈಯಿಟ್ಟು ಒತ್ತಿಯೇ ಒತ್ತಿದೆ. ಎಲ್ಲರೂ ಒತ್ತುತ್ತಿದ್ದರು, ನನ್ನದು ಯಾರ ಕಿವಿಗೆ ಬೀಳಬೇಕು?

ಶಾಲೆಯೆದುರು ಅಂಟಕ್ಕಿಯ ಅನ್ನ ಮಾರುವ ಥಿನ್ ಅಜ್ಜಿ ನೆನಪಿದ್ದಾರಲ್ಲ? ಅವರು ಬಂದು ಗಾಜು ಬಡಿದರು. "ಏನೇ ನೋಡ್ತಾ ಕೂತಿದ್ದೀಯ, ಹುಚ್ಚಿ! ಇಳಿಯೇ! ಕಾರಿಗೆ ಕಾಲಿಲ್ಲ, ನಿನಗಿದೆಯಲ್ಲ!"

ಮಗುವನ್ನು ಬೆನ್ನಿಗೆ ಹಾಕಿಕೊಂಡು ಓಡಿದೆ. ಬುಟ್ಟಿಯನ್ನು ಬೀದಿಯಲ್ಲೇ ಬಿಟ್ಟು ಅಜ್ಜಿ ಮುಂದೆ ಓಡಿದರು, ನನಗೆ ಗೊತ್ತೇ ಇಲ್ಲದ ಒಳಗಲ್ಲಿಗಳಲ್ಲಿ ತಿರುಗಿಸಿ ಆಸ್ಪತ್ರೆಯ ಹಿಂಬಾಗಿಲಿಗೆ ತಂದು ನಿಲ್ಲಿಸಿದರು. ಆಮ್ಲಜನಕ ಕೊಟ್ಟರು. ಮಿಯೆನ್ ಕಣ್ಣು ಬಿಟ್ಟು, "ಶಾಲೆಗೆ ಲೇಟಾಯ್ತಾ?" ಎಂದು ಕೇಳಿದಾಗ ನಾನು ಅಳಲಿಲ್ಲ. ಅಜ್ಜಿಯೇ ಅತ್ತರು.

ಡಾಕ್ಟರ್ ಚಿಕ್ಕ ವಯಸ್ಸಿನವಳು, ನಿಷ್ಠುರಿ. "ದಿನಾ ಕಾರಲ್ಲೇ ಬರ್ತೀರಾ? ಮುಂದಿನ ಕಾರಿನ ಬಾಲಕ್ಕೆ ಮೂಗು ಇಟ್ಕೊಂಡು ಕೂತ ಹಾಗೆ ಅದು. ಗಾಜು ಏರಿಸಿದ್ರೆ ಹೊಗೆ ಹೊರಗೇ ನಿಲ್ಲುತ್ತೆ ಅಂದ್ಕೊಂಡ್ರಾ? ದೊಡ್ಡ ರಸ್ತೆ ಬಿಟ್ಟು ಒಳಗಲ್ಲೀಲಿ ನಡೆಸ್ಕೊಂಡು ಹೋಗಿ" ಎಂದಳು. ತಿರುಗಿ ಹೋಗಿ ನೋಡಿದರೆ ಯಾರೋ ನಮ್ಮ ಕಾರನ್ನು ಫುಟ್‌ಪಾತಿಗೆ ತಳ್ಳಿದ್ದರು. ಬೈಯುತ್ತಲೇ ತಳ್ಳಿರಬೇಕು, ಕನ್ನಡಿ ಮುರಿದಿತ್ತು.

ನಿಮಗೆ ಯಾಕೆ ಹೇಳಲಿಲ್ಲ? ಹೇಳಿದರೆ ಬಂದು ಅವಳನ್ನು ಹೈಫಾಂಗ್‌ಗೆ ಕರೆದುಕೊಂಡು ಹೋಗುತ್ತೀರೆಂದು ಹೆದರಿದೆ. ಅಷ್ಟೇ.

ಆಮೇಲೆ ನಡೆದೆವು. ಕೆರೆಯ ಪಕ್ಕದ ದಾರಿಯಲ್ಲಿ, ಆ ಹಳೆಯ ದೇಗುಲದ ಹಿಂದಿನಿಂದ. ಮೊದಲ ವಾರ ಅವಳೂ ನಾನೂ ಇಬ್ಬರೇ. ನಾವು ನಡೆಯುವುದನ್ನು ಥಿನ್ ಅಜ್ಜಿ ಎಲ್ಲರಿಗೂ ಹೇಳಿದ್ದೇ ತಡ, ಒಬ್ಬೊಬ್ಬರಾಗಿ ಮಕ್ಕಳು ಸೇರಿಕೊಂಡರು. ಸಾಲು ಗಲ್ಲಿ ತಿರುಗುವಷ್ಟು ಉದ್ದವಾಯಿತು. ಅತ್ತೆ ಒಂದು ದಿನ ಬೈಯಲೆಂದು ಹಿಂದೆಯೇ ಬಂದರು. "ಈ ಚಳೀಲಿ ಮಕ್ಕಳನ್ನ ಕುರಿ ಹಾಗೆ ಹೊಡ್ಕೊಂಡು ಹೋಗ್ತೀಯಲ್ಲೇ!" ಅಂದರು. ಶಾಲೆ ಮುಟ್ಟುವ ಹೊತ್ತಿಗೆ ಇಬ್ಬರು ಮಕ್ಕಳ ಚೀಲ ಅವರ ಹೆಗಲ ಮೇಲಿತ್ತು. ಅದನ್ನು ಅವರು ನಿಮಗೆ ಬರೆದಿರಲಾರರು.

ಆದರೆ ಎಷ್ಟು ಒಳದಾರಿ ಹಿಡಿದರೂ ಕೊನೆಗೆ ಶಾಲೆಯ ಬೀದಿಗೇ ಬರಬೇಕಲ್ಲ. ಅಲ್ಲಿ ಕಾರುಗಳು ಎಂಜಿನ್ ಆರಿಸದೆ ಸಾಲುಗಟ್ಟಿ ನಿಂತಿರುತ್ತಿದ್ದವು. ಬೆಳಿಗ್ಗೆ, ಸಂಜೆ ಆ ಬೀದಿಗೆ ಕಾರು ಬಿಡಬಾರದೆಂದು ಪೋಷಕರ ಸಭೆಯಲ್ಲಿ ಎದ್ದು ಕೇಳಿದೆ. ಹೊಲಿಗೆಯವಳು, ಸಭೆಯಲ್ಲಿ ಎಂದೂ ಬಾಯಿ ತೆರೆದವಳಲ್ಲ.

ಬಾಕ್ ಎನ್ನುವವರೊಬ್ಬರಿದ್ದಾರೆ, ಕಪ್ಪನೆಯ ದೊಡ್ಡ ಕಾರಿನವರು. ಎದ್ದು ನಿಂತು, "ನಿಮ್ಮ ಮಗಳಿಗೆ ದಮ್ಮು ಅಂತ ಊರೆಲ್ಲ ನಡೀಬೇಕೇನ್ರೀ? ಓಡ್ಸಕ್ಕೆ ಬರ್ದಿದ್ರೆ ಕಲ್ತ್ಕೊಳ್ಳಿ!" ಅಂದರು. ಜನ ನಕ್ಕರು.

"ಓಡ್ಸಕ್ಕೆ ಬರುತ್ತೆ ಅಣ್ಣ. ಅವತ್ತು ಅದು ಓಡ್ಲಿಲ್ಲ. ನನ್ನ ಮುಂದೆ ನಿಂತಿದ್ದು ನಿಮ್ಮ ಕಾರು" ಅಂದೆ. ಆಮೇಲೆ ಆ ಬೆಳಿಗ್ಗೆ ಆದದ್ದನ್ನೆಲ್ಲ ಹೇಳಿದೆ. ನಗುತ್ತಿದ್ದವರು ತಲೆ ತಗ್ಗಿಸಿದರು. ಬಾಕ್ ಕಾರಿನ ಕೀಲಿ ಎತ್ತಿಕೊಂಡು ಹೊರಟುಹೋದರು.

ಹೊಸವರ್ಷದ ಹಬ್ಬ ಕಳೆದ ಮೇಲೆ ಸ್ವಲ್ಪ ದಿನ ಮಾಡಿ ನೋಡೋಣವೆಂದು ಮುಖ್ಯೋಪಾಧ್ಯಾಯಿನಿ ಒಪ್ಪಿದರು. ಮೊದಲ ದಿನಗಳು ರಂಪ. ತಿರುವಿನಲ್ಲೇ ಕಾರು ತಡೆದರೆ ಜನ ನನಗೆ ಹೇಳದ ಮಾತಿಲ್ಲ. ಬಾಕ್ ಮಾತ್ರ ಹಠ ಹಿಡಿದು ದೊಡ್ಡ ರಸ್ತೆಯಲ್ಲಿ ಸುತ್ತಿ ಬರುತ್ತಿದ್ದರು. ಒಂದು ದಿನ ಅವರ ಕಾರು ದಟ್ಟಣೆಯಲ್ಲಿ ಸಿಕ್ಕಿ ನಿಂತಿದ್ದಾಗ ಅವರ ಮಗ ನಮ್ಮ ಸಾಲನ್ನು ಕಂಡು ಕಾರಿನ ಬಾಗಿಲು ತೆಗೆದು ಇಳಿದೇಬಿಟ್ಟ. "ಅಪ್ಪಾ, ನೀನು ನಿಧಾನಕ್ಕೆ ಬಾ, ನಾನು ಹೋಗಿರ್ತೀನಿ!" ಎಂದು ಕೂಗಿ ಓಡಿದ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಬಾಕ್ ಕೂಡ ಕೊನೆಗೆ ನಕ್ಕರು ನೋಡಿ. ಈಗ ದೊಡ್ಡ ರಸ್ತೆ ದಾಟುವಲ್ಲಿ ಕೈ ಅಡ್ಡ ಹಿಡಿದು ನಿಲ್ಲುವವರು ಅವರೇ. ಅವರ ಗಂಟಲಿಗೆ ಹೆದರಿ ಬೈಕುಗಳು ನಿಲ್ಲುತ್ತವೆ.

ಹೋದ ವಾರ ವಾರ್ಡಿನವರು ಬೀದಿಯ ಎರಡೂ ತುದಿಗೆ ಹೂಕುಂಡ ಸಾಲಿಟ್ಟರು. ಇನ್ನು ಮುಂದೆ ಹೀಗೆಯೇ ಅಂತೆ.

ಎಲ್ಲ ಸರಿಹೋಯಿತೆಂದು ನಂಬಿಸಲಾರೆ. ದೊಡ್ಡ ರಸ್ತೆ ಹಾಗೆಯೇ ಇದೆ. ಗಾಳಿ ಕೆಟ್ಟ ದಿನ ಮಿಯೆನ್‌ಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತೇನೆ. ಪಂಪು ಅವಳ ಚೀಲದಲ್ಲಿ ಇದ್ದೇ ಇರುತ್ತದೆ. ಆದರೆ ಹಬ್ಬದಿಂದೀಚೆಗೆ ಆಸ್ಪತ್ರೆಗೆ ಓಡಿಲ್ಲ. ಈಗ ಜಿಟಿಜಿಟಿ ಮಳೆ, ಸೈಕಲ್ಲಿನ ಮೇಲೆ ಚಕೋತದ ಹೂವು ಮಾರುವವರು ಬಂದಿದ್ದಾರೆ. ಮೊನ್ನೆ ಶಾಲೆಯ ಬೀದಿಯಲ್ಲಿ ಮಿಯೆನ್ ನಿಂತು, ಕಣ್ಣು ಮುಚ್ಚಿ, ಎದೆ ತುಂಬ ಆ ವಾಸನೆ ಎಳೆದುಕೊಂಡಳು. ಕೆಮ್ಮು ಬರುತ್ತದೆಂದು ಕಾದೆ. ಬರಲಿಲ್ಲ. ಇದನ್ನು ಯಾರಿಗೆ ಹೇಳಲಿ ಎಂದುಕೊಂಡಾಗ ನಿಮ್ಮ ಮುಖವೇ ಕಣ್ಣಿಗೆ ಬಂತು.

ಕಾರನ್ನು ಮಾರಿಬಿಡಿ ಎನ್ನುವುದಿಲ್ಲ. ಥಿನ್ ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಅದರಲ್ಲೇ ಕರೆದೊಯ್ದೆ. ಗಲ್ಲಿಯಲ್ಲಿ ಯಾರಿಗಾದರೂ ನೋವು ಕಾಣಿಸಿಕೊಂಡರೆ ಬೇಕಾಗುತ್ತದೆ. ಮಿಯೆನ್ ಶಾಲೆಗೆ ಹೋಗಲು ಮಾತ್ರ ಬೇಡ. ನೀವು ಅವಳ ಉಸಿರಿಗಾಗಿಯೇ ಅದನ್ನು ಬಿಟ್ಟು ಹೋದಿರಿ, ನನಗೆ ಗೊತ್ತು. ನಾನು ಅದನ್ನು ನಿಲ್ಲಿಸಿದ್ದೂ ಅದಕ್ಕೇ.

ಸಿಟ್ಟು ಇನ್ನೂ ಉಳಿದಿದ್ದರೆ ಮತ್ತೆ ಬರೆಯಿರಿ. ಓದುತ್ತೇನೆ.

ನಿಮ್ಮ ಮಗಳ ಅಮ್ಮ,
ಲಿಯೂ

ಮರೆತ ಮಾತು: ಸಾಲಿನ ಕೊನೆಗೆ ಒಬ್ಬ ದೊಡ್ಡವರು ನಡೆಯಬೇಕು, ಹಿಂದೆ ಬಿದ್ದ ಮಕ್ಕಳನ್ನು ನೋಡಿಕೊಳ್ಳಲು. ನಾಳೆಯಲ್ಲ, ಅದರ ಮುಂದಿನ ಸೋಮವಾರ ಯಾರ ಸರದಿ ಎಂದು ಕೇಳಿದಾಗ ಮಿಯೆನ್ ಕೈಯೆತ್ತಿ, "ನಮ್ಮಪ್ಪಂದು" ಎಂದುಬಿಟ್ಟಳು. ಅವರು ಊರಲ್ಲಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅದರ ಹಿಂದಿನ ದಿನ, ಭಾನುವಾರವೇ ರೈಲಿಗೆ ಬನ್ನಿ. ಸ್ಟೇಷನ್ನಿಗೆ ನಾವಿಬ್ಬರೂ ನಡೆದು ಬರುತ್ತೇವೆ.