ಒಳಕಲ್ಲಿಗೆ ಕೈ ಹಾಕು

ಮಾಕಳಿ
ಕಾರ್ತಿಕ ಸೋಮವಾರ, ೧೮ ನವೆಂಬರ್ ೨೦೨೪

ತಂಗಿ ಮಹಾದೇವಿಗೆ,

ಅಕ್ಕ ಚನ್ನಬಸಮ್ಮ ಮಾಡೂ ಆಶೀರ್ವಾದ. ನಾವಿಲ್ಲಿ ಆರಾಮ ಇದ್ದೀವಿ. ಕಾಗದ ಬರದು ಯಾವ ಕಾಲ ಆತೋ, ತಪ್ಪು ತಿಳ್ಕೋಬ್ಯಾಡ. ಫೋನಿನ್ಯಾಗ ಹೇಳಿದ್ರ ನೀ ನಡುವ ಇಟ್ಟುಬಿಡ್ತಿ. ಕಾಗದ ಆದ್ರ ಪೂರ್ತಿ ಓದಬೇಕಾಗ್ತದ.

ನಮ್ಮ ರಕ್ಷಿತಾನ ಸಂಬಂಧ ಮುರಿದದ್ದು ನಿನಗ ಗೊತ್ತದ. ಹುಡುಗಿಗೆ ಮೂರ್ಛೆರೋಗ ಅದ ಅಂತ ಯಾರೋ ಗಂಡಿನವರ ಕಿವಿಗೆ ಊದಿದ್ರು. ಗಂಡಿನ ತಾಯಿ ಕುಂದಲಹಳ್ಳಿಯಿಂದ ನಮ್ಮ ಓಣಿಗೆ ವಿಚಾರಿಸಾಕ ಬಂದಾಗ ಬಾಜೂ ಮನಿ ವಸಂತಮ್ಮನ ಜೋಡಿ ಮಾತಾಡಿ ಹೋಗಿದ್ಲು. ಮತ್ತ್ಯಾರು ಹೇಳಿರ್ತಾರ? ಅಕೀನ ಅಂತ ಹಲ್ಲು ಕಡಕೊಂತ ಕೂತಿದ್ದೆ. ಪೀಣ್ಯದ ಗಾರ್ಮೆಂಟ್ಸಿನಿಂದ ಬಂದು ಹುಡುಗಿ ಮಾರಿ ಗ್ವಾಡಿ ಕಡೆ ಮಾಡಿ ಮಲಗಿಬಿಡ್ತಿದ್ಲು.

ಅದಕ್ಕ ಓಣಿ ಹೆಣ್ಣುಮಕ್ಕಳನ್ನೆಲ್ಲಾ ಕಟ್ಟಿಕೊಂಡು ಶಿವಗಂಗೆ ಬೆಟ್ಟಕ್ಕ ಹೋದೆ. ಗವಿಯೊಳಗ ಗಂಗಾಧರನಿಗೆ ತುಪ್ಪದ ಅಭಿಷೇಕ ಮಾಡಿಸಿದ್ವಿ. ಎಲ್ಲಾರೂ ಕೈ ಮುಗಿದ್ರು, ನನ್ನ ಕಣ್ಣು ವಸಂತಮ್ಮನ ಮ್ಯಾಲೇ. ಇನ್ನೂ ಮ್ಯಾಲೆ ಏರಿದ್ರ ಒಳಕಲ್ಲು ತೀರ್ಥ. ಬಂಡೆಯೊಳಗ ಒಂದು ಕುಳಿ. ಕೈ ಇಳಿಬಿಟ್ರ ಪುಣ್ಯವಂತರಿಗೆ ನೀರು ಸಿಗ್ತದ, ಪಾಪಿಗಳಿಗೆ ಇಲ್ಲ ಅಂತಾರ.

"ನನ್ನ ಮಗಳ ಮ್ಯಾಲೆ ಚಾಡಿ ಹೇಳಿಲ್ಲಂದ್ರ ಕೈ ಹಾಕು," ಅಂದೆ, ಎಲ್ಲಾರ ಮುಂದ.

"ಇದಕ್ಕಾ ಚನ್ನಬಸಮ್ಮ, ನನ್ನ ಕರ್ಕೊಂಬಂದಿದ್ದು?" ಅಂದ್ಲು. ಸೆರಗು ಸಿಕ್ಕಿಸಿ, ಭುಜದ ತನಕ ಕೈ ಇಳಿಸಿದ್ಲು. ತೊಯ್ದ ಕೈ ತಗದು ನನ್ನ ಮಾರಿ ಮುಂದ ಹಿಡಿದ್ಲು.

ಬೆಟ್ಟ ಇಳಿಯೂವಾಗ ಅತ್ಕೊಂತ ಹೇಳಿದ್ಲು: "ಆ ಹುಡುಗನ ತಾಯಿ ಇಲ್ಲಿಗೆ ಬರೋಷ್ಟರಲ್ಲೇ ಅವರಿಗೆ ಸುದ್ದಿ ಮುಟ್ಟಿತ್ತು. ನಿಜಾನಾ ಅಂತ ನನ್ನ ಕೇಳಿದ್ರು. ಇಲ್ಲ ಅಂತ ಬಡ್ಕೊಂಡೆ ಕಣಮ್ಮ. ಸುದ್ದಿ ಮುಟ್ಟಿಸಿದ್ದು ಯಾರು ಅಂತಾನೂ ಅವರೇ ಹೇಳಿದ್ರು. ನಿಮ್ಮನೆ ಒಡೆಯೋದ್ಯಾಕೆ ಅಂತ ಬಾಯಿ ಮುಚ್ಕೊಂಡಿದ್ದೆ."

ನಾ ಅಕಿ ಕಾಲು ಹಿಡಕೊಂಡೆ. ಹೆಸರು ಹೇಳೂತನಕ ಬಿಡಲಿಲ್ಲ.

ನಿನ್ನ ಮಗಳು ಸೌಮ್ಯಾನ ಲಗ್ನ ಗೊತ್ತಾಗೇದಂತ. ಕೂಸು ನೂರು ವರ್ಷ ಬಾಳಲಿ.

ಇಂತಿ ನಿನ್ನ ಅಕ್ಕ,
ಚನ್ನಬಸಮ್ಮ

ತಾ.ಕ.: ಅದೇ ಗಂಡಿಗೆ ಸೌಮ್ಯಾನ್ನ ಕೊಡಾಕ ನನ್ನ ಮಗಳಿಗೆ ಇಲ್ಲದ ರೋಗ ಹಚ್ಚಿದಿ ಅಲ್ಲ, ಮಾದೇವಿ? "ಚಿಗವ್ವ ಯಾಕ ಫೋನ್ ಮಾಡವಲ್ಲಳು" ಅಂತ ರಕ್ಷಿತಾ ಇನ್ನೂ ಕೇಳ್ತಾಳ. ಅಕಿಗೆ ನಾ ಹೇಳಿಲ್ಲ. ಗಂಡಿನ ತಾಯಿಗೆ ಹೇಳೀನಿ. ಲಗ್ನಕ್ಕ ಮೊದಲ ನಿಮ್ಮ ಬೀಗರೆಲ್ಲಾ ಶಿವಗಂಗೆಗೆ ಬರ್ತಾರ, ಅವರ ಕಣ್ಣೆದುರು ನೀ ಒಳಕಲ್ಲಿಗೆ ಕೈ ಹಾಕಬೇಕಂತ. ಒಲ್ಲೆ ಅಂದ್ರ ಲಗ್ನ ಇಲ್ಲ ಅಂದಾಳ. ನಾ ಅಲ್ಲೇ ಕುಳಿ ಬಾಜೂಕ ನಿಂತಿರ್ತೀನಿ.