ವಾರಸುದಾರರನ್ನು ಹುಡುಕುವವನು ಬಂದ ದಿನ

೧೨ ನವೆಂಬರ್ ೨೦೨೪, ಮಂಗಳವಾರ

ನಾಗಲಿಂಗಪ್ಪನವರು ಮೃತ್ಯುಪತ್ರ ಬರೆಯದೆ ತೀರಿಕೊಂಡಾಗಿನಿಂದ ಇದೇ ಭಯ. ಇಂದು ಚೊಳಚಗುಡ್ಡದ ಈ ಮನೆಗೆ ವಾರಸುದಾರರನ್ನು ಹುಡುಕಿಕೊಟ್ಟು ಆಸ್ತಿಯಲ್ಲಿ ಪಾಲು ಪಡೆಯುವವನೊಬ್ಬ ಬಂದೇಬಿಟ್ಟ.

"ನೀವು ಅವರಿಗೇನಾಗ್ಬೇಕ್ರಿ, ಅಕ್ಕಾರ?"

ಇಪ್ಪತ್ತು ವರ್ಷ ಗಂಡಹೆಂಡಿರಂತೆ ಬಾಳಿದೆವು, ತಾಳಿ ಮಾತ್ರ ಕಟ್ಟಿರಲಿಲ್ಲ. "ಅಡಗಿ ಮಾಡಾಕಿ ರೀ" ಎಂದೆ.

"ಅವರ ಪೈಕಿ ಯಾರರ ಅದಾರೇನ್ರಿ?"

ಇಳಕಲ್ಲಿನಲ್ಲಿ ಅವರ ಸೋದರತ್ತೆಯ ಮೊಮ್ಮಗಳು ಸುರೇಖಾ ಇದ್ದಾಳೆ. ಅದು ನನಗಷ್ಟೇ ಗೊತ್ತು. "ಯಾರೂ ಇಲ್ರಿ" ಎಂದೆ.

"ಹಂಗಾದ್ರ ಮನಿ ಸರಕಾರಕ್ಕ ಹೋಗ್ತೈತ್ರಿ" ಎನ್ನುತ್ತ ಅವನು ಎದ್ದ.

ಸರಕಾರದ ಕಾಲು ಹಿಡಿಯಲಾದೀತೇ? ಗಾಬರಿಯಲ್ಲಿ ಸುರೇಖಾಳ ಹೆಸರು ಹೇಳಿ, ನಾಗಲಿಂಗಪ್ಪನವರ ಪುಸ್ತಕದಲ್ಲಿದ್ದ ಅವಳ ನಂಬರನ್ನೂ ಕೊಟ್ಟುಬಿಟ್ಟೆ. ಅವನು ನಿಂತಲ್ಲಿಂದಲೇ ಫೋನ್ ಮಾಡಿದ. ನಾಳೆ ಗಂಡನ ಜೊತೆ ಬರುತ್ತಾಳಂತೆ.

ಅವಳು ನನ್ನನ್ನು ನೋಡಿಯೇ ಇಲ್ಲ. ಇರಗೊಟ್ಟರೆ ಒಂದು ಮೂಲೆ ಸಾಕು. ಹೊರಗೆ ಹೋಗು ಎಂದುಬಿಟ್ಟರೆ ಈ ವಯಸ್ಸಿನಲ್ಲಿ ನಾನು ಎಲ್ಲಿಗೆ ಹೋಗಲಿ?